ಯಜಮಾನರ ಕುರ್ಚಿ

ಸಮುದ್ರಕ್ಕೆ ಮುಖ ಮಾಡಿ ನಿಂತ ಆ ದೊಡ್ಡ ಮನೆಯ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಊರಿನವರು ಅವಳನ್ನು ಕೀಲಿಯಕ್ಕ ಎಂದು ಕರೆಯುತ್ತಿದ್ದರು. ಅಕ್ಕ ಎನ್ನುವ ವಯಸ್ಸು ದಾಟಿ ಮೊಮ್ಮಕ್ಕಳಾದ ಮೇಲೂ ಅವಳು ಕೀಲಿಯಕ್ಕನೇ. ಅವಳಿಗಿಂತ ಮೊದಲು ಗೊಂಚಲಿನ ಸದ್ದು ಬರುತ್ತಿತ್ತು. ಮೀನಿನಂಗಡಿಯವನು ಆ ಸದ್ದು ಕೇಳಿಯೇ ತಕ್ಕಡಿಯ ಮೇಲಿನ ಕೈ ತೆಗೆಯುತ್ತಿದ್ದ. ಅವಳ ಜೊತೆ ಚೌಕಾಸಿಗೆ ನಿಂತು ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಮನೆ ಕಟ್ಟಿಸಿದವರು ಒಂದು ಕಾಲಕ್ಕೆ ದೇಶ ಆಳಿದವರು. ಮನೆಯ ಆಳುಕಾಳುಗಳ ಬಾಯಲ್ಲಿ ಅವರು ‘ದೊಡ್ಡೋರು’. ಅವರ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅದು ರಸ್ತೆಗಳ ಮೇಲೆ, ಸೇತುವೆಗಳ ಮೇಲೆ, ಶಾಲೆಗಳ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇತ್ತು. ಎದೆ ಹಿಡಿದುಕೊಂಡಂತಾಗುತ್ತದೆ ಎಂದು ಅವರು ಯಾವತ್ತೋ ವೈದ್ಯರ ಮುಂದೆ ಹೇಳಿದರಂತೆ, ಸಮುದ್ರದ ಗಾಳಿ ಕುಡಿಯಿರಿ ಎಂದು ವೈದ್ಯರು ಹೇಳಿದರಂತೆ. ಬೇರೆಯವರಾಗಿದ್ದರೆ ಬಸ್ಸು ಹತ್ತಿ ಬಂದು ಗಾಳಿ ಕುಡಿದು ಹೋಗುತ್ತಿದ್ದರು. ದೊಡ್ಡವರಿಗೆ ಗಾಳಿ ಕುಡಿಯಲೂ ಒಂದು ಬಂಗಲೆ ಬೇಕು. ಬಂಡೆಯ ಮೇಲೆ ಬಂಗಲೆ ಎದ್ದಿತು. ಗೋಡೆಗಿಂತ ಕಿಟಕಿಯೇ ಹೆಚ್ಚು, ಎಲ್ಲಿ ನಿಂತರೂ ನೀರು ಕಾಣುವ ಹಾಗೆ.

ವಿಶ್ರಾಂತಿಗೆಂದು ಕಟ್ಟಿಸಿದ ಮನೆಗೆ ದೊಡ್ಡೋರು ಮೊದಲ ಸಲ ಬಂದಾಗ ಅರ್ಧ ಸರಕಾರವೇ ಅವರ ಹಿಂದೆ ಬಂತು. ಅಂಗಳದಲ್ಲಿ ಡೇರೆ, ಅಡುಗೆಮನೆಯಲ್ಲಿ ಪೊಲೀಸರು, ಬಚ್ಚಲುಮನೆಯ ಬಾಗಿಲಿನವರೆಗೂ ಟೆಲಿಫೋನಿನ ತಂತಿ. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಅವರು ಬರೆಯುವ ಮೇಜನ್ನು ಗೋಡೆಯ ಕಡೆ ತಿರುಗಿಸಲು ಹೇಳಿದರು. ಆಮೇಲೆ ಪರದೆಗಳನ್ನೂ ಎಳೆಸಿದರು. ಎರಡನೆಯ ಸಲ ಪುಟ್ಟ ಮಗಳನ್ನು ಕರೆದುಕೊಂಡು ರಜೆಗೆ ಬಂದರು. ಆ ಕತೆ ಮುಂದೆ ಬರುತ್ತದೆ. ಮೂರನೆಯ ಸಲ ಬಂದದ್ದು ಚುನಾವಣೆ ಸೋತ ಮೇಲೆ. ಆಗ ಪರದೆ ಎಳೆದುಕೊಂಡು ಮಲಗಿದವರು ಏಳಲೇ ಇಲ್ಲ ಎನ್ನುವಷ್ಟು ಮಲಗಿ, ಒಂದು ಬೆಳಿಗ್ಗೆ ಎದ್ದು ಕಾರು ಹತ್ತಿ ಹೋದರು. ದೊಡ್ಡೋರ ಸಮುದ್ರವಾಸದ ಚರಿತ್ರೆ ಇಷ್ಟೇ. ಆದರೂ ಮನೆಯನ್ನು ಅವರು ಕೈಬಿಡಲಿಲ್ಲ. ಬರುತ್ತೇವೆ, ಮನೆ ತಯಾರಿರಲಿ ಎಂದು ವರ್ಷವರ್ಷವೂ ಕಚೇರಿಯಿಂದ ಫೋನು ಬರುತ್ತಿತ್ತು.

ತಯಾರಿಡುವ ಕೆಲಸ ಕೀಲಿಯಕ್ಕನದು ಮತ್ತು ಅವಳ ಗಂಡನದು. ಮನೆಯ ಬುನಾದಿ ಹಾಕುವಾಗ ಮರಗೆಲಸಕ್ಕೆ ಬಂದವನು ಕಾವಲುಗಾರನಾಗಿ ಅಲ್ಲೇ ಉಳಿದ, ಮದುವೆಯಾಗಿ ಅವಳನ್ನೂ ತಂದ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಅವರ ಸಂಸಾರ. ಕೋಣೆಗೆ ಒಂದೇ ಕಿಟಕಿ, ಅದೂ ಕಸದ ಗುಂಡಿಯ ಕಡೆಗೆ. ಗಂಡ ಉದ್ದ ಆಳು, ಮಾತು ಕಡಿಮೆ, ನಗು ಜಾಸ್ತಿ. ಮೊದಲ ಮಳೆಗಾಲದಲ್ಲೇ ಹೆಂಚು ಸರಿಪಡಿಸಲು ಮಾಡಿನ ಮೇಲೆ ಹತ್ತಿ ಜಾರಿ ಬಿದ್ದ. ಸೊಂಟದ ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಂದಾಚೆ ನಿಂತರೂ ಕೂತರೂ ಎಡಕ್ಕೆ ವಾಲುತ್ತಿದ್ದ. ಯಾರದೋ ಗುಟ್ಟು ಕದ್ದು ಕೇಳುತ್ತಿರುವವರ ಹಾಗೆ ಕಾಣುತ್ತೀರಿ ಎಂದು ಅವಳು ಆಡಿಕೊಳ್ಳುತ್ತಿದ್ದಳು.

ಉಪ್ಪಿನ ಗಾಳಿಗೆ ದಯೆದಾಕ್ಷಿಣ್ಯ ಇಲ್ಲ. ಬೀಗದೊಳಗೆ ನುಗ್ಗಿತು, ಹಾಸಿಗೆಯೊಳಗೆ ನುಗ್ಗಿತು, ಗಡಿಯಾರದ ಮುಳ್ಳನ್ನೇ ತಿಂದುಹಾಕಿತು. ಒಂದು ಸಲ ಕುರ್ಚಿಗಳ ಮೆತ್ತೆ ನೋಡಲು ಪೇಟೆಯಿಂದ ಕುರ್ಚಿ ಹೊಲಿಯುವವನು ಬಂದ. ಸಮುದ್ರದ ಕಿಟಕಿಯ ಹತ್ತಿರ ಹಸಿರು ಬಟ್ಟೆಯ ಒಂದು ದೊಡ್ಡ ಕುರ್ಚಿ ಇತ್ತು, ಸ್ಪ್ರಿಂಗಿನದು, ರಾಜಧಾನಿಯಿಂದ ಲಾರಿಯಲ್ಲಿ ಬಂದದ್ದು. ದೊಡ್ಡೋರು ಅದರಲ್ಲಿ ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಆಸಾಮಿ ಅದರ ಬೆನ್ನು ತಟ್ಟಿ, ಅಡಿಯಲ್ಲಿ ಕೈಹಾಕಿ, ಮೂಗು ಮುರಿದ.

“ಸಮುದ್ರದ ಪಕ್ಕದಲ್ಲಿ ಕುರ್ಚಿಗೆ ಕೂರೋರಿಲ್ದಿದ್ರೆ ಸತ್ತೇ ಹೋಗುತ್ತೆ” ಎಂದ. “ಸ್ಪ್ರಿಂಗು ತುಕ್ಕು ಹಿಡಿಯುತ್ತೆ, ಒಳಗಿನ ನಾರು ಬೂಷ್ಟು ಹಿಡಿಯುತ್ತೆ. ದಿನಾ ಯಾರಾದ್ರೂ ಕೂತು ಎದ್ರೆ ಸಾಕು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.”

ಗಂಡ ಅದನ್ನು ಸರಕಾರಿ ಹುಕುಂ ಎಂದೇ ತೆಗೆದುಕೊಂಡ. ಅವತ್ತೇ ಸಂಜೆ ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು, ಹಸಿರು ಕುರ್ಚಿಯಲ್ಲಿ ಕೂತ. ಅವಳು ಓಡಿಹೋಗಿ ಬಾಗಿಲ ಕಡೆ ಇಣುಕಿದಳು.

“ಏಳ್ರೀ, ಯಾರಾದ್ರೂ ನೋಡಿದ್ರೆ ಕೆಲಸ ಹೋಗುತ್ತೆ.”

“ಡ್ಯೂಟಿ ಮೇಲಿದ್ದೀನಿ, ಮಾತಾಡಿಸಬೇಡ” ಎಂದ ಅವನು. “ಊಟದ ಮನೆ ಕುರ್ಚಿಗಳನ್ನ ನೀನು ನೋಡ್ಕೋ. ಇದನ್ನ ನಾನು ನೋಡ್ಕೋತೀನಿ.”

“ಆಗಲಿ ಯಜಮಾನ್ರೇ. ಇನ್ನೇನಪ್ಪಣೆ ಯಜಮಾನ್ರೇ?”

ತಮಾಷೆಗೆ ಅಂದ ಮಾತು ನಾಲಿಗೆಗೆ ಅಂಟಿಕೊಂಡಿತು. ಅಂದಿನಿಂದ ಅವನು ಅವಳ ಬಾಯಲ್ಲಿ ಯಜಮಾನ್ರು. ಮಗಳ ಹತ್ತಿರ, ಮೈದುನನ ಹತ್ತಿರ, ಮೀನಿನಂಗಡಿಯಲ್ಲಿ, ಎಲ್ಲೆಡೆಯೂ ಯಜಮಾನ್ರು ಹೀಗಂದ್ರು, ಯಜಮಾನ್ರು ಹಾಗಂದ್ರು. ದೊಡ್ಡೋರು ಎಂದರೆ ಮನೆ ಕಟ್ಟಿಸಿದವರು, ಯಜಮಾನ್ರು ಎಂದರೆ ಅವಳ ಗಂಡ. ಊರಿನಲ್ಲಿ ಇದರ ಬಗ್ಗೆ ಯಾರಿಗೂ ಯಾವ ಗೊಂದಲವೂ ಇರಲಿಲ್ಲ.

ಎಲ್ಲ ಕೆಲಸ ಮುಗಿದ ಮೇಲೆ ಯಜಮಾನ್ರು ಕುರ್ಚಿಯಲ್ಲಿ, ಅವಳು ಎದುರಿಗೆ ಒಂದು ಗಿಡ್ಡ ಮಣೆಯ ಮೇಲೆ. ಚಹಾದ ಲೋಟವನ್ನು ಅವನು ಯಾವಾಗಲೂ ಕಿಟಕಿಯ ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ಇಡುತ್ತಿದ್ದ, ಅಲ್ಲಿ ಬಣ್ಣ ಸುಟ್ಟು ಬಳೆಯಂಥ ಗುರುತು ಬಿತ್ತು. ರೇಡಿಯೋ ಕೇಳುತ್ತ ಬಲಗೈಯ ಹೆಬ್ಬೆರಳಿಂದ ಕುರ್ಚಿಯ ತೋಳನ್ನು ಉಜ್ಜುತ್ತಿದ್ದ, ಅಲ್ಲಿ ಮೆರುಗು ಹೋಗಿ ಬಿಳಿಮರ ಕಂಡಿತು. ದೂರದಲ್ಲಿ ಹಡಗು ಹೋದರೆ ಇಬ್ಬರಿಗೂ ಒಂದಾಟ. ಅದರಲ್ಲಿ ಏನಿದೆ ಹೇಳು ಎಂದು ಅವನು ಕೇಳುತ್ತಿದ್ದ. ಗೋಧಿ, ಕಬ್ಬಿಣ, ಸೀಮೆಎಣ್ಣೆ ಎಂದು ಅವಳು ಬುದ್ಧಿವಂತೆಯ ಹಾಗೆ ಹೇಳುತ್ತಿದ್ದಳು. ಅವನು ತಲೆ ಆಡಿಸಿ, ಅಲ್ಲ, ಬರೀ ಎಡಗಾಲಿನ ಚಪ್ಪಲಿ, ಬಲಗಾಲಿಂದು ನಾಳೆ ಬರುತ್ತೆ ಎನ್ನುತ್ತಿದ್ದ. ಹೀಗೆ ಕೂತೂ ಕೂತೂ ಕುರ್ಚಿಯಲ್ಲಿ ಒಂದು ತಗ್ಗು ಬಿತ್ತು. ನೆಟ್ಟಗೆ ಕೂತವರ ತಗ್ಗಲ್ಲ, ಎಡಕ್ಕೆ ಇಳಿಜಾರಾದ ತಗ್ಗು. ಬೇರೆ ಯಾರೇ ಕೂತರೂ ಜಾರಿ ಎಡದ ತೋಳಿಗೆ ಅಂಟಿಕೊಳ್ಳುತ್ತಿದ್ದರು.

ಅವನು ಹೋದದ್ದು ಪೇಟೆಯ ಆಸ್ಪತ್ರೆಯಲ್ಲಿ, ಎರಡು ದಿನದ ಜ್ವರಕ್ಕೆ. ಹೇಳಿಕೊಳ್ಳುವಂಥ ಕಾಯಿಲೆಯೂ ಅಲ್ಲ. ಅವಳ ಮಗಳು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು, ನಮ್ಮನೆಗೆ ಬಂದುಬಿಡು ಎಂದು ಕರೆದಳು. ಅಳಿಯನೂ ಒಳ್ಳೆಯವನೇ. ಕೀಲಿಯಕ್ಕ ಹೋಗಲಿಲ್ಲ. ಮನೆಯ ಎಲ್ಲ ಕುರ್ಚಿಗಳಲ್ಲೂ ಸರದಿಯ ಮೇಲೆ ಕೂತು ಎದ್ದಳು, ಹಸಿರು ಕುರ್ಚಿಯೊಂದನ್ನು ಬಿಟ್ಟು. ತಾನು ಕೂತರೆ ತಗ್ಗಿನ ಆಕಾರ ಕೆಡುತ್ತದೆ ಎಂಬ ಹೆದರಿಕೆ. ಸ್ಪ್ರಿಂಗು ತುಕ್ಕು ಹಿಡಿಯದಿರಲಿ ಎಂದು ದಿನವೂ ಅಂಗೈಯನ್ನು ಆ ತಗ್ಗಿನಲ್ಲೇ ಊರಿ, ಅವನು ಎಷ್ಟು ವಾಲುತ್ತಿದ್ದನೋ ಅಷ್ಟೇ ವಾಲಿಸಿ ಒತ್ತುತ್ತಿದ್ದಳು. ಗಂಡನ ಒಂದು ಫೋಟೋ ಇತ್ತು, ಗುರುತಿನ ಚೀಟಿಗೆ ತೆಗೆಸಿದ್ದು. ಅದರಲ್ಲಿ ಅವನು ಫೋಟೋದವನ ಮಾತು ಕೇಳಿ ನೆಟ್ಟಗೆ ಕೂತುಬಿಟ್ಟಿದ್ದ. ಅದು ಅವನೇ ಅಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಅವನು ಇದ್ದದ್ದು ಆ ತಗ್ಗಿನಲ್ಲಿ. ಅದು ಉಳಿಯಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ.

ಕೆಲವು ವರ್ಷಕ್ಕೆ ದೊಡ್ಡೋರೂ ತೀರಿಕೊಂಡರು. ಬದುಕಿದ್ದಾಗ ಅವರನ್ನು ಮೂಲೆಗೆ ತಳ್ಳಿದ್ದ ಪಕ್ಷ ಸತ್ತ ಮೇಲೆ ತಲೆಯ ಮೇಲೆ ಹೊತ್ತುಕೊಂಡಿತು. ಮನೆಯನ್ನು ಸ್ಮಾರಕ ಮಾಡಬೇಕೆಂದು ಸಮಿತಿಯಾಯಿತು. ಸಮಿತಿಯ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಮೃದು ಮನುಷ್ಯ, ದೊಡ್ಡೋರ ಭಾಷಣ ಕೇಳಿಯೇ ಮೇಷ್ಟ್ರಾದವರಂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮನೆಯ ಮೂಲೆಮೂಲೆ ನೋಡಿದರು. ಗೋಡೆಗೆ ತಿರುಗಿದ ಮೇಜು ನೋಡಿ ಮುಖ ಸಪ್ಪೆ ಮಾಡಿಕೊಂಡರು. ಹಸಿರು ಕುರ್ಚಿ ನೋಡಿದಾಗ ಮಾತ್ರ ಚಪ್ಪಲಿ ಬಿಟ್ಟು ನಿಂತರು.

“ನಾಯಕರ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಹೇಳಿಯಮ್ಮ” ಎಂದರು.

“ದೊಡ್ಡೋರ ಬಗ್ಗೆ ನಮಗೇನು ಗೊತ್ತಿರುತ್ತೆ? ಅವರು ದೊಡ್ಡೋರು, ನಾವು ಹಿಂದಿನ ಕೋಣೆಯೋರು.”

“ಹೋಗಲಿ, ಮನೆ ಬಗ್ಗೆ ಹೇಳಿ. ಈ ಕುರ್ಚೀಲಿ ಯಾರು ಕೂರ್ತಿದ್ರು?”

“ಯಜಮಾನ್ರು.”

ಕಾರ್ಯದರ್ಶಿಯ ಕಿವಿ ನೆಟ್ಟಗಾಯಿತು. “ಕೂರ್ತಿದ್ರಾ?”

“ಅಯ್ಯೋ, ಸಂಜೆ ಆದ್ರೆ ಬೇರೆ ಜಾಗವೇ ಇಲ್ಲ ಅವರಿಗೆ. ಸೊಂಟ ನೋವು ನೋಡಿ, ಎಡಕ್ಕೆ ವಾಲ್ಕೊಂಡು ಕೂರೋರು. ಒಂದಿನ ಬಾಯಿಬಿಟ್ಟು ನೋವು ಅಂತ ಹೇಳಲಿಲ್ಲ, ಪುಣ್ಯಾತ್ಮ.”

“ಕೂತು ಏನ್ಮಾಡ್ತಿದ್ರು?”

“ಹಡಗು ನೋಡೋರು. ಆ ಹಡಗಲ್ಲಿ ಏನಿದೆ, ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡ್ತಾ.”

ಕಾರ್ಯದರ್ಶಿಯ ಕಣ್ಣು ತುಂಬಿದ್ದನ್ನು ನೋಡಿ ಅವಳಿಗೆ ಆಶ್ಚರ್ಯ. ಎಂಥ ಕರುಣೆಯ ಮನುಷ್ಯ ಎಂದುಕೊಂಡಳು. ಗಂಡ ಸತ್ತ ಮೇಲೆ ಅವನು ಹೇಗಿದ್ದ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಮಗಳ ಹತ್ತಿರ ಬಾಯಿ ತೆಗೆದರೆ, ಅದೇ ಕತೆ ಎಷ್ಟು ಸಲ ಹೇಳ್ತೀಯಮ್ಮ ಎಂದುಬಿಡುತ್ತಿದ್ದಳು. ಈಗ ಒಬ್ಬರು ಕೇಳುತ್ತಿದ್ದಾರೆ, ಅದೂ ಬರೆದುಕೊಳ್ಳುತ್ತಿದ್ದಾರೆ. ಕಟ್ಟೆ ಒಡೆದ ಹಾಗೆ ಹೇಳಿದಳು. ಚಹಾದ ಗುರುತು, ಹೆಬ್ಬೆರಳಿನ ಗುರುತು, ಸಡಿಲವಾದ ಕಿಟಕಿಯನ್ನು ತನ್ನ ಕೈಯಾರೆ ಸರಿಮಾಡಿದ್ದು, ಗಾಯವಾದ ಕಡಲಹಕ್ಕಿಯನ್ನು ಸ್ನಾನದ ತೊಟ್ಟಿಯಲ್ಲಿ ಸಾಕಿದ್ದು. ಅವಳು ‘ಅವರು’ ಎಂದಳು, ಕಾರ್ಯದರ್ಶಿಯೂ ‘ಅವರು’ ಎಂದರು. ಇಬ್ಬರ ‘ಅವರೂ’ ಬೇರೆ ಬೇರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಸಮಿತಿಗೆ ಒಂದು ನಿಯಮ ಇತ್ತು. ನಾಯಕರು ಬಳಸಿ ಸವೆಸಿದ್ದು ಹೇಗಿದೆಯೋ ಹಾಗೇ ಉಳಿಯಬೇಕು, ಬೇರೆಯವರ ಕೈಯಲ್ಲಿ ಕೆಟ್ಟದ್ದೆಲ್ಲ ಹೊಸದಾಗಿ, ನಾಯಕರ ಕಾಲದಲ್ಲಿ ಇದ್ದಂತೆ ಆಗಬೇಕು. ಮನೆಯ ತುಂಬ ಕೆಲಸಗಾರರು ತುಂಬಿಕೊಂಡರು. ಬಣ್ಣದ ಕೆಲಸಕ್ಕೆ ಬಂದವನು ಕೀಲಿಯಕ್ಕನ ಮೈದುನನೇ, ದೋಣಿಗಳಿಗೆ ಬಣ್ಣ ಬಳಿದು ಜೀವನ ಮಾಡುವವನು. ಅವನಿಗೂ ಅಣ್ಣನ ಉದ್ದ, ಅಣ್ಣನ ನಗು. ಬಾಯಿ ಮಾತ್ರ ಅಣ್ಣನದಲ್ಲ, ಅದಕ್ಕೆ ತಡೆಯೇ ಇಲ್ಲ.

ಉದ್ಘಾಟನೆಯ ಹಿಂದಿನ ದಿನ ಅವನು ಸಮುದ್ರದ ಕಿಟಕಿಗೆ ಕೊನೆಯ ಕೈ ಹಚ್ಚುತ್ತಿದ್ದ. ಹಸಿರು ಕುರ್ಚಿಯ ಸುತ್ತ ಹಗ್ಗ ಕಟ್ಟಿ, ಪಕ್ಕದಲ್ಲಿ ಗಾಜಿನ ಚೌಕಟ್ಟಿನಲ್ಲಿ ಅಚ್ಚು ಹಾಕಿದ ಫಲಕ ನಿಲ್ಲಿಸಿದ್ದರು. ಅವನು ಕುಂಚ ಹಿಡಿದುಕೊಂಡೇ ಓದಿದ. ಆಮೇಲೆ ಏಣಿಯಿಂದ ಇಳಿದು ಇನ್ನೊಂದು ಸಲ ಓದಿದ.

“ಅತ್ತಿಗೆ, ಬಾ ಇಲ್ಲಿ. ನಮ್ಮಣ್ಣ ಸತ್ತ ಮೇಲೆ ದೇಶ ಆಳ್ತಿದ್ದಾನೆ ನೋಡು.”

ಅವಳು ಕೈ ಒರೆಸಿಕೊಂಡು ಬಂದಳು. ಅವನು ಮೇಷ್ಟ್ರ ದನಿಯಲ್ಲಿ ಓದಿದ: “‘ಮಹಾನಾಯಕರು ಪ್ರತಿ ಸಂಜೆ ಈ ಆಸನದಲ್ಲಿ ಕುಳಿತು, ಹಾದುಹೋಗುವ ಹಡಗುಗಳನ್ನು ವೀಕ್ಷಿಸುತ್ತಾ, ದೇಶದ ವಾಣಿಜ್ಯದ ಭವಿಷ್ಯದ ಕುರಿತು ಚಿಂತಿಸುತ್ತಿದ್ದರು. ನಾಡಿಗೆ ತಿಳಿಯದ ದೈಹಿಕ ನೋವನ್ನು ನಗುನಗುತ್ತಾ ಸಹಿಸಿದ ಗುರುತು ಈ ಆಸನದಲ್ಲಿ ಇಂದಿಗೂ ಇದೆ.’ ವಾಣಿಜ್ಯವಂತೆ. ಎಡಗಾಲಿನ ಚಪ್ಪಲಿ ವಾಣಿಜ್ಯ.” ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಕೀಲಿಯಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಬದುಕಿಡೀ ಹಿಂದಿನ ಕೋಣೆಯಲ್ಲಿ ಇದ್ದವನ ಸೊಂಟದ ನೋವನ್ನೂ ಇವರು ಬಿಡಲಿಲ್ಲವಲ್ಲ ಎಂದು ಸಿಟ್ಟು ಬಂತು. ಗೊಂಚಲು ಝಣಝಣ ಎನ್ನಿಸುತ್ತ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೊರಟಳು. ದಾರಿಯಲ್ಲಿ ಊಟದ ಮನೆ. ಅಲ್ಲಿನ ಕುರ್ಚಿಗಳು, ಅವಳು ಇಷ್ಟು ವರ್ಷ ಸರದಿಯ ಮೇಲೆ ಕೂತು ಕಾಪಾಡಿದವು, ಹೊಸ ಮೆತ್ತೆ ತುಂಬಿಸಿಕೊಂಡು ಕೆನ್ನೆ ಊದಿಸಿದವರ ಹಾಗೆ ನಿಂತಿದ್ದವು. ಒಂದರ ಮೇಲೂ ಯಾರೂ ಕೂತ ಗುರುತಿಲ್ಲ. ಅವಳ ಕಾಲು ನಿಂತಿತು.

ಕಾರ್ಯದರ್ಶಿ ಅಲ್ಲೇ ಇದ್ದರು. ಅವಳು ಬೇರೆಯೇ ಮಾತು ಕೇಳಿದಳು. “ಹಸಿರು ಕುರ್ಚಿಗೂ ಹೀಗೇ ಮಾಡ್ತೀರಾ?”

“ಎಲ್ಲಾದ್ರೂ ಉಂಟೇ? ಅದನ್ನ ಮುಟ್ಟೋ ಹಾಗೇ ಇಲ್ಲ. ಅವರು ಕೂತ ಗುರುತು ಇರೋದು ಅದೊಂದರಲ್ಲೇ.”

“ಒಂದ್ವೇಳೆ ಬೇರೆ ಯಾರೋ ಕೂತು ತಗ್ಗು ಬಿದ್ದಿದ್ರೆ?”

“ಆಗ ಬಿಚ್ಚಿ ಹೊಸದು ತುಂಬಿಸ್ತಿದ್ವಿ. ನಿಯಮ ಅಂದ್ರೆ ನಿಯಮ” ಎಂದು ನಕ್ಕರು ಅವರು. “ಯಾಕೆ ಕೇಳಿದ್ರಿ?”

“ಸುಮ್ನೆ” ಎಂದಳು ಕೀಲಿಯಕ್ಕ. ಬಾಯಿಗೆ ಬೀಗ ಹಾಕಿಕೊಂಡು ವಾಪಸು ಬಂದಳು.

ಮೈದುನನಿಗೆ ಇದು ಸರಿಕಾಣಲಿಲ್ಲ. “ಅಣ್ಣನ್ನ ಅವರಿಗೆ ಬರೆದುಕೊಟ್ಟುಬಿಡ್ತೀಯಾ ಹಾಗಾದ್ರೆ?” ಎಂದು ಕೇಳಿದ.

“ಹೇಳಿದ್ರೆ ಬಿಚ್ತಾರೆ ಕಣೋ.”

“ಹೇಳದಿದ್ರೆ ಅದು ಅವನದಲ್ಲ.”

“ನನಗೆ ಗೊತ್ತಲ್ಲ ಅವರದು ಅಂತ, ಸಾಕು” ಎಂದಳು. ಸಾಕಾಗಿರಲಿಲ್ಲ. ಅವನಿಗೂ ಅದು ತಿಳಿಯಿತು, ಸುಮ್ಮನೆ ಕುಂಚ ತೊಳೆದುಕೊಂಡು ಹೋದ.

ಮರುದಿನ ಮೈಕು, ಹೂವಿನ ಹಾರ, ಭಾಷಣ. ಮಂತ್ರಿಯೊಬ್ಬರು ರಿಬ್ಬನ್ ಕತ್ತರಿಸಿ, ಈ ಕುರ್ಚಿಯಿಂದಲೇ ದೇಶದ ಬಂದರುಗಳ ಕನಸು ಹುಟ್ಟಿತು ಎಂದು ಇನ್ನಷ್ಟು ಉಪ್ಪುಖಾರ ಹಚ್ಚಿದರು. ಜನ ಚಪ್ಪಾಳೆ ತಟ್ಟಿ ಅಂಗಳದ ಚಹಾದ ಕಡೆ ನುಗ್ಗಿದರು. ಕೀಲಿಯಕ್ಕ ಹಿಂದೆ ಉಳಿದು, ಯಾರೋ ಎಳೆದು ಸಡಿಲ ಮಾಡಿದ್ದ ಹಗ್ಗವನ್ನು ಬಿಗಿಮಾಡುತ್ತಿದ್ದಳು. ಆಗ ಕೋಣೆಯಲ್ಲಿ ಇನ್ನೊಬ್ಬರೂ ಇದ್ದಾರೆ ಎಂದು ಗೊತ್ತಾಯಿತು. ವೇದಿಕೆಯ ಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ, ನರೆತ ತಲೆಯ, ತೆಳ್ಳನೆಯ ಹೆಂಗಸು. ದೊಡ್ಡೋರ ಮಗಳು. ಹಿಂದೆ ಆ ಎರಡನೆಯ ಸಲ ರಜೆಗೆ ಬಂದಿದ್ದ ಪುಟ್ಟ ಹುಡುಗಿ.

ಅವರು ಫಲಕ ಓದುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಮ್ಮನೇಲಿ ನಮ್ಮಪ್ಪ ಒಂದು ಕಡೆ ಕೂತಿದ್ದನ್ನ ನಾನು ನೋಡಿಲ್ಲಮ್ಮ” ಎಂದರು. “ಊಟಾನೂ ನಿಂತೇ. ಒಂದು ಕೈಲಿ ಫೋನು. ಅಮ್ಮ ಸತ್ತ ದಿನಾನೂ ಹಾಗೇ. ಇಲ್ಲಿ ಬಂದು ಹೀಗೆ ಕೂರ್ತಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ.”

ಕೀಲಿಯಕ್ಕ ಬಿಗಿದಿದ್ದ ಹಗ್ಗವನ್ನೇ ಇನ್ನೊಂದು ಸಲ ಬಿಗಿದಳು.

“ಆದ್ರೆ ಹಡಗಿನ ವಿಷಯ ನಿಜ. ಅದು ನನಗೆ ನೆನಪಿದೆ. ಚಿಕ್ಕವಳಿದ್ದಾಗ ಇಲ್ಲಿ ಬಂದಿದ್ದೆ. ದೂರದಲ್ಲಿ ಒಂದು ಹಡಗು ಹೋಗ್ತಿತ್ತು, ಅದರಲ್ಲೇನಿದೆ ಅಂತ ಕೇಳ್ದೆ. ಬರೀ ಗುಂಡಿ, ಅಂಗಿ ಇನ್ನೊಂದು ಹಡಗಲ್ಲಿ ಬರುತ್ತೆ ಅಂದ್ರು ಅಪ್ಪ. ನಮ್ಮಪ್ಪ ನನ್ನ ಜೊತೆ ಆಡಿದ ತಮಾಷೆ ಅದೊಂದೇ. ನನ್ನ ಮಕ್ಕಳಿಗೂ ಹೇಳಿದ್ದೀನಿ, ನಿಮ್ಮ ತಾತ ಹೀಗಂದ್ರು ಅಂತ.” ಅವರು ಕುರ್ಚಿಯ ಕಡೆ ನೋಡಿದರು. “ನೀವು ಎದುರಿಗೇ ಇದ್ದೋರು. ಹೇಳಿ, ಅಪ್ಪ ಇಲ್ಲಿ ನಗ್ತಿದ್ರಾ?”

ಇಲ್ಲಿಯವರೆಗೆ ಯಾರೂ ನೇರವಾಗಿ ಕೇಳಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಉತ್ತರ ಹೇಳದಿದ್ದರೆ ಅದು ಸುಳ್ಳಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಕೇಳುತ್ತಿದ್ದಾರೆ. ಹೌದು ಎಂದುಬಿಟ್ಟರೆ ಕುರ್ಚಿ ಉಳಿಯುತ್ತದೆ, ಈ ಹೆಂಗಸಿನ ಮನಸ್ಸೂ ಉಳಿಯುತ್ತದೆ. ಎರಡಕ್ಷರದ ಮಾತು. ಆದರೆ ಗುಂಡಿಯ ಹಡಗಿನ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಈಜಲು ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಅಪ್ಪ ಬಾಗಿಲು ಹಾಕಿಕೊಂಡು ಫೋನಿನಲ್ಲಿದ್ದರು. ಹುಡುಗಿ ಈಜುವ ಬಟ್ಟೆ ಹಾಕಿಕೊಂಡೇ ಬೆಳಗಿನಿಂದ ಬಾಗಿಲ ಹೊರಗೆ ನಿಂತಿದ್ದಳು. ಗಂಡ ಹುಡುಗಿಯನ್ನು ಕರೆದುಕೊಂಡು ಬಂದು ಈ ಕಿಟಕಿಯ ಹತ್ತಿರ ಕೂರಿಸಿಕೊಂಡಿದ್ದ. ಆ ಸಂಜೆ ಅವನು ಕೀಲಿಯಕ್ಕನಿಗೆ ಹೇಳಿದ್ದ, ಪಾಪ ಕಣೇ, ಅಷ್ಟು ದೊಡ್ಡ ಮನೆ, ಮಗೂಗೆ ಕೂರೋಕೆ ಒಂದು ತೊಡೆ ಇಲ್ಲ ಎಂದು. ಅದನ್ನೂ ದೊಡ್ಡೋರಿಗೆ ಕೊಟ್ಟುಬಿಡಲು ಅವಳಿಂದಾಗಲಿಲ್ಲ.

“ಅದು ನಿಮ್ಮಪ್ಪ ಅಲ್ಲ ತಾಯಿ” ಎಂದಳು. “ನಮ್ಮ ಯಜಮಾನ್ರು. ನನ್ನ ಗಂಡ. ಕುರ್ಚೀಲಿ ಕೂರ್ತಿದ್ದಿದ್ದೂ ಅವರೇ, ಗುಂಡಿ ಹಡಗು ಅಂದಿದ್ದೂ ಅವರೇ. ನಾನು ಯಜಮಾನ್ರು ಅಂದೆ, ಮೇಷ್ಟ್ರು ನಿಮ್ಮಪ್ಪ ಅಂದ್ಕೊಂಡ್ರು.”

ದೊಡ್ಡೋರ ಮಗಳು ಬಗ್ಗಿ ಕುರ್ಚಿಯ ತಗ್ಗು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಎಡಕ್ಕೆ ವಾಲಿ ಕೂರ್ತಿದ್ರಾ ನಿಮ್ಮೋರು?”

“ಹೂಂ.”

“ನನ್ನ ತಲೆ ಅವರ ಹೆಗಲಿಗೆ ತಾಗ್ತಿತ್ತು. ಅಪ್ಪ ಅಷ್ಟು ಬಗ್ಗಿದ್ದು ನನಗೋಸ್ಕರ ಅಂದ್ಕೊಂಡಿದ್ದೆ.” ಅಲ್ಲೇ ಇದ್ದ ಗಿಡ್ಡ ಮಣೆಯ ಮೇಲೆ ಅವರು ಕುಸಿದು ಕೂತರು. ಕೀಲಿಯಕ್ಕನ ಮಣೆ ಅದು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಕೀಲಿಯಕ್ಕನಿಗೆ ಅನ್ನಿಸಿತು. ಕೊನೆಗೆ ಅವರು ತಲೆಯೆತ್ತಿ, “ಇದು ಹೀಗೇ ಇರಲಿ ಅಂದ್ರೆ ನಿಮಗೆ ತೊಂದ್ರೆ ಇದೆಯಾ?” ಎಂದರು. “ನಮ್ಮಪ್ಪ ಒಂದು ಕಡೆ ಕೂತಿದ್ರು, ನಕ್ಕಿದ್ರು ಅಂತ ನಾಲ್ಕು ಜನ ಓದಲಿ. ನನಗೆ ಬೇರೆ ಏನೂ ಇಲ್ಲ ಅವರದು.”

“ನಿಮಗೆ ರಸ್ತೆ ಇದೆ, ಸೇತುವೆ ಇದೆ, ಶಾಲೆ ಇದೆ” ಎಂದಳು ಕೀಲಿಯಕ್ಕ. ದನಿ ತಾನಾಗಿಯೇ ಏರಿತ್ತು. “ನಮ್ಮೋರದು ಇದೊಂದು ತಗ್ಗು.”

ಅಂದಮೇಲೆ ಅವಳಿಗೆ ಕೆಡುಕೆನಿಸಿತು. ಸೇತುವೆಯ ಮೇಲೆ ಕೂತು ಯಾರೂ ಅಪ್ಪನ ಹೆಗಲಿಗೆ ತಲೆ ಆನಿಸಲಾಗುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಎದುರಿಗೆ ತನ್ನ ಮಣೆಯ ಮೇಲೆ ಕೂತಿದ್ದವಳು ಈಜುವ ಬಟ್ಟೆ ಹಾಕಿಕೊಂಡು ಬಾಗಿಲ ಹೊರಗೆ ನಿಂತವಳೇ, ತಲೆ ನರೆತಿದೆ ಅಷ್ಟೇ. ಸಮಿತಿಗೆ ನಿಜ ಹೇಳಿದರೆ ಕುರ್ಚಿ ಹೋಗುತ್ತದೆ, ಇವಳ ಅಪ್ಪ ಹೋಗುತ್ತಾನೆ. ಹೇಳದಿದ್ದರೆ ತನ್ನ ಗಂಡ ಹೋಗುತ್ತಾನೆ. ಕೀಲಿಯಕ್ಕ ಸೊಂಟದ ಗೊಂಚಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಕೀಲಿಯನ್ನು ಸರಿಸಿದಳು, ಯೋಚನೆ ಮಾಡುವಾಗ ಅವಳ ಅಭ್ಯಾಸ ಅದು.

“ಒಂದು ಕೆಲಸ ಮಾಡಿ” ಎಂದಳು. “ಫಲಕದಲ್ಲಿ ಮಹಾನಾಯಕರು ಅಂತ ಇದೆಯಲ್ಲ, ಅದನ್ನ ತೆಗೆಸಿ. ನಾನು ಹೇಳಿದ ಹಾಗೇ ಬರೆಸಿ. ಯಜಮಾನರು ಅಂತ.”

ದೊಡ್ಡೋರ ಮಗಳು ಅವಳನ್ನೇ ನೋಡಿದರು. ಮಾತು ಒಳಗಿಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ತುಟಿಯಂಚಿನಲ್ಲಿ ನಗು ಕಾಣಿಸಿತು. “ವಾಣಿಜ್ಯ?”

“ಅದನ್ನೂ ತೆಗೆಸಿ. ಅವರಿಗೆ ಲೆಕ್ಕವೇ ಬರ್ತಿರಲಿಲ್ಲ.”

“ನಮ್ಮಪ್ಪನಿಗೆ ಬರ್ತಿತ್ತು” ಎಂದರು ಮಗಳು. “ಆದ್ರೂ ತೆಗೆಸ್ತೀನಿ.”

ಕಾರ್ಯದರ್ಶಿಗೆ ದೊಡ್ಡೋರ ಮಗಳ ಮಾತು ತೆಗೆದುಹಾಕಲಾಗಲಿಲ್ಲ. ಯೋಚಿಸಿದಷ್ಟೂ ಅವರಿಗೆ ಆ ಪದ ಹಿಡಿಸಿತು. ಮಹಾನಾಯಕರು ಎಂದು ಎಲ್ಲ ಕಡೆಯೂ ಬರೆಯುತ್ತಾರೆ, ಯಜಮಾನರು ಎನ್ನುವುದರಲ್ಲಿ ಮನೆತನ ಇದೆ, ಆತ್ಮೀಯತೆ ಇದೆ ಎಂದು ಸಮಿತಿಗೂ ಒಪ್ಪಿಸಿದರು. ಮನೆಯಲ್ಲಿದ್ದ ಎಲ್ಲ ಫಲಕಗಳನ್ನೂ ಬದಲಾಯಿಸಿದರು. ಯಜಮಾನರು ಕಿಟಕಿ ಸರಿಮಾಡಿದ್ದು, ಯಜಮಾನರು ಹಕ್ಕಿ ಸಾಕಿದ್ದು. ಕೋಣೆಯಲ್ಲಿ ಆಡಿದ ಮಾತು ಇಬ್ಬರು ಹೆಂಗಸರ ಹೊಟ್ಟೆಯಲ್ಲೇ ಉಳಿಯಿತು. ಮೈದುನ ಮಾತ್ರ ಹೊಸ ಫಲಕ ಓದಿ, “ಅತ್ತಿಗೆ, ನೀನು ರಾಜಕೀಯಕ್ಕೆ ಹೋಗಬೇಕಾಗಿತ್ತು” ಎಂದ.

ಈಗ ಮನೆಗೆ ಜನ ಬರುತ್ತಾರೆ. ಶಾಲೆಯ ಮಕ್ಕಳು, ಹೊಸದಾಗಿ ಮದುವೆಯಾದವರು, ಮಳೆಗೆ ಹೆದರಿ ಒಳಗೆ ನುಗ್ಗುವವರು. ಕುರ್ಚಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ಯಜಮಾನರು ಹೇಗಿದ್ದರು ಎಂದು ಒಬ್ಬರಲ್ಲ ಒಬ್ಬರು ಕೀಲಿಯಕ್ಕನನ್ನು ಕೇಳುತ್ತಾರೆ. ಅವಳು ಹೇಳುತ್ತಾಳೆ. ಉದ್ದ ಇದ್ದರು, ಗೊರಕೆ ಹೊಡೆಯುತ್ತಿದ್ದರು, ಚಹಾ ಆರಿಸಿಯೇ ಕುಡಿಯುತ್ತಿದ್ದರು, ನೋವಾದರೆ ಹೇಳುತ್ತಿರ‍ಲಿಲ್ಲ. ಅದೇ ಕತೆ ಎಷ್ಟು ಸಲ ಹೇಳುತ್ತೀಯ ಎಂದು ಅವಳನ್ನು ಯಾರೂ ತಡೆಯುವುದಿಲ್ಲ. ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಜನ ಹೋದ ಮೇಲೆ ಅವಳು ಹಗ್ಗ ಬಿಚ್ಚಿ, ತಗ್ಗಿನಲ್ಲಿ ಅಂಗೈ ಊರಿ ಎಡಕ್ಕೆ ವಾಲಿಸಿ ಒತ್ತುತ್ತಾಳೆ. ಆಮೇಲೆ ಫಲಕದ ಗಾಜು ಒರೆಸುತ್ತಾಳೆ. ಅವಳಿಗೆ ಓದು ನಿಧಾನ, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ ಓದಬೇಕು. ‘ಈ ಮನೆಯ ಯಜಮಾನರು ಸಂಜೆ ಇಲ್ಲಿ ಕೂರುತ್ತಿದ್ದರು.’ ಹಿಂದಿನ ಕೋಣೆಯಲ್ಲಿದ್ದವನನ್ನು ಆಡಿಕೊಳ್ಳಲು ಅವಳು ಇಟ್ಟ ಹೆಸರು ಅದು. ಈಗ ಅಚ್ಚಾಗಿದೆ.

“ಏಳ್ರೀ ಯಜಮಾನ್ರೇ, ಬಾಗಿಲು ಹಾಕ್ಬೇಕು” ಎನ್ನುತ್ತಾಳೆ, ಕೀಲಿ ಹುಡುಕುತ್ತ.